ಯಾರಿಗೂ ಹೇಳಬೇಡಿ ಎಂದಿರಿ, ಉಡಚಪ್ಪ ಹೇಳಲಿಲ್ಲ

ವಿಶ್ವವಿದ್ಯಾಲಯದ ಗಣಕ ವಿಭಾಗದ ಮುಖ್ಯಸ್ಥರಿಗೆ,
ಬೇರೆ ದಾರಿಗಳೆಲ್ಲ ಮುಚ್ಚಿರುವುದರಿಂದ ಪತ್ರಿಕೆಯ ಮೂಲಕ.

ರೋಣ, ಗುರುವಾರ, ೧೦ ಡಿಸೆಂಬರ್ ೨೦೦೯

ಮಾನ್ಯರೇ,

ನಿಮ್ಮ ಯಂತ್ರ ಒಬ್ಬ ಹುಡುಗಿಯ ಪರೀಕ್ಷೆಯನ್ನು ನುಂಗಿ ಕೂತಿದೆ. ಅದನ್ನು ಹೊರಗೆ ತೆಗೆಸಲು ನಿಮಗೆ ಉಳಿದಿರುವುದು ಒಂದೇ ಒಂದು ಕೆಲಸದ ದಿನ. ಆದ್ದರಿಂದ ಕುಶಲೋಪರಿ ವಿಚಾರಿಸದೆ ನೇರವಾಗಿ ವಿಷಯಕ್ಕೆ ಬಂದರೆ ತಪ್ಪು ತಿಳಿಯಬೇಡಿ.

ಹುಡುಗಿಯ ಹೆಸರು ದುರ್ಗಾ. ಊರು ಅಸೂಟಿ. ರೋಣದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ, ಐದನೆಯ ಸೆಮಿಸ್ಟರ್. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಪರೀಕ್ಷೆ. ಹಾಜರಿ ಇದೆ, ಶುಲ್ಕ ಕಟ್ಟಿಯಾಗಿದೆ, ಓದಿ ಕೂತಿದ್ದಾಳೆ. ಹಾಲ್ ಟಿಕೆಟ್ ಇಲ್ಲ. ಯಾಕಿಲ್ಲ ಎಂದರೆ ನವೆಂಬರಿನಲ್ಲಿ ನೀವು ತಂದ ಹೊಸ ಭದ್ರತಾ ವ್ಯವಸ್ಥೆ ಅವಳ ಖಾತೆಗೆ ಬೀಗ ಜಡಿದಿದೆ. ಖಾತೆ ತೆರೆಯದೆ ಪರೀಕ್ಷಾ ಫಾರ್ಮು ತುಂಬುವಂತಿಲ್ಲ, ಫಾರ್ಮು ಇಲ್ಲದೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ತೋರಿಸದವರಿಗೆ ಮುಂದಿನ ಸೆಮಿಸ್ಟರಿಗೆ ಹಾಸ್ಟೆಲಿನಲ್ಲಿ ಜಾಗವಿಲ್ಲ ಎಂದು ವಾರ್ಡನ್ ಬೇರೆ ನೋಟಿಸು ಹಚ್ಚಿದ್ದಾರೆ. ಅಸೂಟಿಯ ಅವಳ ಮನೆಗೆ ಬೀಗ ಬಿದ್ದು ಎರಡು ತಿಂಗಳಾಯಿತು. ಈ ಸಲದ ಮಳೆಗೆ ಹೊಲದೊಳಗಿನ ಉಳ್ಳಾಗಡ್ಡಿ ಕೊಳೆತು ಕೂಲಿ ಇಲ್ಲದಂತಾದ ಮೇಲೆ ಅವಳ ತಂದೆ ಉಡಚಪ್ಪ, ತಾಯಿ ಸಕ್ರವ್ವ ಇಬ್ಬರೂ ಗೋವಾದ ವಾಸ್ಕೋಗೆ ಕಟ್ಟಡದ ಕೆಲಸಕ್ಕೆ ಹೋದರು. ಹಾಸ್ಟೆಲ್ ತಪ್ಪಿದರೆ ಹುಡುಗಿಗೆ ಇರುವುದು ಅದೇ ಕಟ್ಟಡ. ಅಲ್ಲಿ ಅವಳಿಗೆ ಸಿಮೆಂಟಿನ ಬುಟ್ಟಿ ಕಾದಿದೆ.

ಇವತ್ತು ಗುರುವಾರ. ಈ ಪತ್ರ ನಾಳೆ ಶುಕ್ರವಾರ ಅಚ್ಚಾಗಿ ನಿಮ್ಮ ಮೇಜಿಗೆ ಬರುತ್ತದೆ ಎಂದು ಸಂಪಾದಕರು ಮಾತು ಕೊಟ್ಟಿದ್ದಾರೆ. ನಾಡಿದ್ದು ಎರಡನೆಯ ಶನಿವಾರ, ಆಮೇಲೆ ಭಾನುವಾರ. ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ.

ನಾನು ಯಾರು ಎಂಬುದು ನಿಮ್ಮ ಕಡತದಲ್ಲಿ ಈಗಾಗಲೇ ಇದೆ. ನಿಮ್ಮ ಸುತ್ತೋಲೆಯ ನಾಲ್ಕನೆಯ ಪರಿಚ್ಛೇದದಲ್ಲಿ "ಕೆಲವು ಅನಧಿಕೃತ ಖಾಸಗಿ ಅಂಗಡಿಗಳು ಒಂದೇ ಮೊಬೈಲ್ ಸಂಖ್ಯೆ ಬಳಸಿ ಹತ್ತಾರು ವಿದ್ಯಾರ್ಥಿಗಳ ಖಾತೆಗಳನ್ನು ನಿರ್ವಹಿಸುತ್ತಿರುವುದು ಕಂಡುಬಂದಿದೆ" ಎಂದಿದೆಯಲ್ಲ, ಆ ಘನಂದಾರಿ ಅಂಗಡಿಗಳಲ್ಲಿ ಒಂದು ನನ್ನದು. ತಹಶೀಲ್ದಾರ ಕಚೇರಿಯ ಎದುರಿಗೆ, ಮೊದಲು ಎರಡು ಟೈಪ್‌ರೈಟರ್ ಇದ್ದವು, ಈಗ ನಾಲ್ಕು ಕಂಪ್ಯೂಟರ್ ಇವೆ. ನಲವತ್ತೊಂದು ವಿದ್ಯಾರ್ಥಿಗಳ ಖಾತೆಗೆ ನನ್ನ ಮೊಬೈಲ್ ಸಂಖ್ಯೆ ಇತ್ತು. ಅವರ ಪಾಸ್‌ವರ್ಡುಗಳನ್ನು ನೂರು ಪುಟದ ನೋಟುಬುಕ್ಕಿನಲ್ಲಿ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ತಪ್ಪು ಎನ್ನುತ್ತೀರಿ, ಒಪ್ಪಿದೆ. ಆದರೆ ಆ ನಲವತ್ತೊಂದರಲ್ಲಿ ಮೂವತ್ತಾರು ಹುಡುಗಿಯರು. ಅಬ್ಬಿಗೇರಿಯಿಂದ, ಅಸೂಟಿಯಿಂದ ಬೆಳಗಿನ ಬಸ್ಸಿಗೆ ಜೋತುಬಿದ್ದು ಬರುವವರು. ಮನೆಗೆ ಒಂದು ಫೋನು, ಅದು ಅಪ್ಪನ ಇಲ್ಲವೇ ಅಣ್ಣನ ಕಿಸೆಯಲ್ಲಿ. ಹುಡುಗಿಯ ಹೆಸರಿಗೆ ಒಂದು ನಂಬರು ಇದೆ ಎಂದರೆ ಓಣಿಯಲ್ಲಿ ಹತ್ತು ಮಾತು ಹುಟ್ಟುತ್ತವೆ. ಅಂಥವರು ಬಂದು "ಕಾಕಾ, ನಿಮ್ಮ ನಂಬರ ಹಾಕ್ರಿ" ಎಂದಾಗ ನಾನು ಹಾಕಿದೆ. ನೀವಾಗಿದ್ದರೂ ಹಾಕುತ್ತಿದ್ದಿರಿ.

ಹಳೆಯ ಬೀಗದ ಬಗ್ಗೆ ನಾನು ಕಣ್ಣೀರು ಹಾಕುತ್ತಿಲ್ಲ. ಅದು ಬೀಗವೇ ಆಗಿರಲಿಲ್ಲ. ಹೋದ ವರ್ಷ ನೀವು ಎಲ್ಲರಿಗೂ ಜನ್ಮದಿನಾಂಕವನ್ನೇ ಪಾಸ್‌ವರ್ಡ್ ಮಾಡಿ ಕೊಟ್ಟಿರಿ. ನಮ್ಮ ಕಡೆಯ ಸಾಲಿ ಮಾಸ್ತರರು ಮೂವತ್ತು ನಲವತ್ತು ವರ್ಷಗಳಿಂದ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ ಒಂದು ಎಂದು ಬರೆಯುತ್ತ ಬಂದಿದ್ದಾರೆ. ನನ್ನದೂ ಜೂನ್ ಒಂದು, ನನ್ನ ಹೆಂಡತಿಯದೂ ಜೂನ್ ಒಂದು. ಅರ್ಧ ತಾಲೂಕಿನ ಖಾತೆಗಳಿಗೆ ಒಂದೇ ಕೀಲಿ ಕೊಟ್ಟು ಕೂತವರು ನೀವು. ಗಜೇಂದ್ರಗಡದಲ್ಲಿ ಯಾರೋ ಪುಂಡರು ಸಹಪಾಠಿ ಹುಡುಗಿಯೊಬ್ಬಳ ಖಾತೆ ಹೊಕ್ಕು ಅವಳ ಐಚ್ಛಿಕ ವಿಷಯವನ್ನೇ ಬದಲಿಸಿದಾಗ ನಿಮಗೆ ಎಚ್ಚರವಾಯಿತು. ಎಚ್ಚರವಾದದ್ದು ಒಳ್ಳೆಯದೇ. ಬೀಗ ಬದಲಿಸಬೇಕಿತ್ತು, ಬದಲಿಸಿದಿರಿ. ಆ ಬಗ್ಗೆ ನನ್ನ ತಕರಾರಿಲ್ಲ ಎಂದು ದಪ್ಪಕ್ಷರದಲ್ಲಿ ಬೇಕಾದರೂ ಬರೆದುಕೊಡುತ್ತೇನೆ.

ತಕರಾರು ಇರುವುದು ನೀವು ಬದಲಿಸಿದ ರೀತಿಗೆ. ನವೆಂಬರ್ ಹದಿಮೂರು, ಶುಕ್ರವಾರ "ಸೇವೆ ಉನ್ನತೀಕರಣ" ಎಂದು ವೆಬ್‌ಸೈಟ್ ಮುಚ್ಚಿದಿರಿ. ಸೋಮವಾರ ತೆರೆಯಿತು. ಒಬ್ಬ ವಿದ್ಯಾರ್ಥಿಗೆ ಒಂದೇ ಮೊಬೈಲ್ ಸಂಖ್ಯೆ, ಅದೂ ಸ್ವಂತದ್ದು ಇಲ್ಲವೇ ಪಾಲಕರದ್ದು. ಒಳಗೆ ಹೋಗಬೇಕಾದರೆ ಆ ಫೋನಿಗೆ ಆರು ಅಂಕಿಗಳ ಒಂದು ಗುಪ್ತ ಸಂಖ್ಯೆ ಬರುತ್ತದೆ, ಅದನ್ನು ಹತ್ತು ನಿಮಿಷದೊಳಗೆ ಇಲ್ಲಿ ತುಂಬಬೇಕು. ಮೂರು ಸಲ ತಪ್ಪಿದರೆ ಬೀಗ. ಫಾರ್ಮು ತುಂಬಲು ಕೊನೆಯ ದಿನ ನವೆಂಬರ್ ಇಪ್ಪತ್ತೈದು. ಒಟ್ಟು ಹತ್ತು ದಿನ. ಆ ಹತ್ತು ದಿನಗಳಲ್ಲಿ ರೋಣದಲ್ಲಿ ಎಷ್ಟು ದಿನ, ಎಷ್ಟು ತಾಸು ಕರೆಂಟು ಇತ್ತು ಎಂದು ಯಾರಾದರೂ ನಿಮ್ಮನ್ನು ಕೇಳಿದರೇ? ಕೇಳಿರಲಿಕ್ಕಿಲ್ಲ.

ಈ ಹೊಸ ವ್ಯವಸ್ಥೆ ಯಾರನ್ನು ಯಾರಿಂದ ಕಾಪಾಡುತ್ತದೆ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ನಮ್ಮ ಓಣಿಯ ಬಳೆ ವ್ಯಾಪಾರದ ಬಾನುಬಿಯ ಮಗಳು ನಿಲೋಫರ ಬಿ.ಕಾಂ. ಓದುತ್ತಾಳೆ. ಮೊದಲು ಅವಳ ಖಾತೆಗೆ ನನ್ನ ನಂಬರಿತ್ತು. ಈಗ ಅವಳ ಅಣ್ಣ ಆಶಿಕನ ನಂಬರು ಹಾಕಬೇಕಾಯಿತು. ಅವಳ ಖಾತೆಯ ಗುಪ್ತ ಸಂಖ್ಯೆ ಈಗ ಅವನ ಫೋನಿಗೆ ಬರುತ್ತದೆ. ಅಂಕಗಳು ಅವನಿಗೆ ಮೊದಲು ಕಾಣುತ್ತವೆ. ಹೋದ ತಿಂಗಳು ಅವಳು ಫಾರ್ಮು ತಿದ್ದಬೇಕೆಂದು ನನ್ನ ಅಂಗಡಿಯಲ್ಲಿ ಕೂತು ಸಂಖ್ಯೆ ಕೇಳಿದಾಗ ಆಶಿಕ ಫೋನಿನಲ್ಲೇ, "ಮನಿಗೆ ಬಾ, ನಾ ಮಾಡತೀನಿ, ನಿನಗ್ಯಾಕ ಇದೆಲ್ಲಾ" ಎಂದ. ಅವನು ಕೆಟ್ಟವನಲ್ಲ. ಆದರೆ ಕೀಲಿ ನೀವೇ ಅವನ ಕೈಗೆ ಕೊಟ್ಟಿರಿ. ಇಪ್ಪತ್ತು ವರ್ಷದ ಹುಡುಗಿಯ ಓದಿನ ಗುಟ್ಟು ಅಪರಿಚಿತ ಕಳ್ಳನಿಂದ ಸುರಕ್ಷಿತ, ಸ್ವಂತ ಮನೆಯಲ್ಲಿ ಬಯಲು. ಇದನ್ನು ನೀವು ಭದ್ರತೆ ಎಂದು ಕರೆದಿದ್ದೀರಿ, ಕರೆಯಿರಿ.

ಈಗ ದುರ್ಗಾಳ ಸಂಗತಿ. ಅವಳಿಗೆ ತಂದೆಯ ನಂಬರು ಕೊಡು ಎಂದು ಹೇಳಿದವನು ನಾನೇ. ನಿಮ್ಮ ನಿಯಮ ಪಾಲಿಸೋಣ ಎಂಬ ಸದ್ಬುದ್ಧಿ ಒಮ್ಮೊಮ್ಮೆ ನನಗೂ ಬರುತ್ತದೆ. ಉಡಚಪ್ಪನ ಫೋನು ವಾಸ್ಕೋದಲ್ಲಿ, ಅವನು ಕಟ್ಟುತ್ತಿದ್ದ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ. ಅವನಿಗೆ ಓದಲು ಬರುವುದಿಲ್ಲ. ಅಲ್ಲೇ ಟೈಲ್ಸ್ ಕೂಡಿಸುವ ಗಜೇಂದ್ರಗಡದ ಸಲ್ಮಾನ ಎಂಬವನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ, ಅವನು ಓದಿ ಹೇಳಲಿ ಎಂದು ಮಾತಾಗಿತ್ತು. ನವೆಂಬರ್ ಇಪ್ಪತ್ತಮೂರು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಬಂತು. ದುರ್ಗಾ ನನ್ನ ಅಂಗಡಿಯಲ್ಲಿ ಕೂತು ಗುಂಡಿ ಒತ್ತಿದಳು. ಪರದೆಯ ಮೇಲೆ ಹತ್ತು ನಿಮಿಷ ಕೆಳಗಿಳಿಯತೊಡಗಿತು. ನನ್ನ ಫೋನಿನಿಂದ ತಂದೆಗೆ ಹಚ್ಚಿದಳು. ಮಾತು ನನಗೂ ಕೇಳುವಂತೆ ಫೋನಿನ ಧ್ವನಿ ದೊಡ್ಡದು ಮಾಡಿದ್ದೆವು.

"ಅಪ್ಪಾ, ಮೆಸೇಜ ಬಂತೇನು?"

"ಬಂತವ್ವಾ. ಈಗ ಸಲ್ಮಾನ ಓದಿದ."

"ಆರು ಅಂಕಿ ಇರತಾವ. ಲಗೂ ಹೇಳು."

ಆ ಕಡೆ ಕಬ್ಬಿಣದ ಸರಳು ಕತ್ತರಿಸುವ ಸದ್ದು. ಆಮೇಲೆ ಉಡಚಪ್ಪನ ದನಿ, ಸಮಾಧಾನದಲ್ಲಿ.

"ಹೇಳಾಕ ಬರೂದಿಲ್ಲವ್ವಾ."

"ಯಾಕ?"

"ಯಾರಿಗೂ ಹೇಳಬ್ಯಾಡ ಅಂತ ಬರದಾರ. ಯುನಿವರ್ಸಿಟಿ ಮಂದಿ ಬಂದು ಕೇಳಿದ್ರೂ ಹೇಳಬ್ಯಾಡ ಅಂತ ಐತಿ. ಸಲ್ಮಾನ ಎರಡು ಸರತಿ ಓದಿದ."

"ಅದು ಬ್ಯಾರೇದವರಿಗಪ್ಪಾ. ನಾ ನಿನ್ನ ಮಗಳು."

"ನೀ ಮಗಳ ಖರೇ. ನಿನ್ನ ಬಾಜೂಕ ಯಾರ ನಿಂತಾರ ಅನ್ನೂದು ನನಗೇನ ಕಾಣತೈತಿ?"

ಬಾಜೂಕ ನಾನೇ ನಿಂತಿದ್ದೆ, ಮಾನ್ಯರೇ. ನಿಮ್ಮ ಸುತ್ತೋಲೆಯ ನಾಲ್ಕನೆಯ ಪರಿಚ್ಛೇದ ಖುದ್ದು ನಿಂತಿತ್ತು. ಫೋನು ಕಸಿದುಕೊಂಡು, "ಉಡಚಪ್ಪ, ನಾ ಮೋದಿನಸಾಬ ಅದೀನೋ. ಹೇಳಿಬಿಡೋ ಮಾರಾಯ, ಹೊತ್ತು ಹೋಗಾಕತ್ತೈತಿ" ಎಂದೆ.

"ನೋಡ್ರಿ ಮತ್ತ, ನೀವ ಅದೀರಿ ಅಂದ್ರ ಹ್ಯಾಂಗ ಹೇಳ್ಲಿ ಸಾಬರ? ನಿಮ್ಮ ಮ್ಯಾಲ ನಂಬಿಕಿ ಇಲ್ಲಂತಲ್ಲ. ಬರದಾರಲ್ಲ."

ಅವನ ಹಠಕ್ಕೆ ಕಾರಣವೂ ಇತ್ತು. ಅದೇ ಕಟ್ಟಡದಲ್ಲಿ ಗೋಡೆ ಕಟ್ಟುವ ಗೌಂಡಿಯೊಬ್ಬನಿಗೆ ದೀಪಾವಳಿಯ ಹೊತ್ತಿಗೆ ಲಾಟರಿ ಹತ್ತಿದೆ ಎಂದು ಫೋನು ಬಂದು, ಅವನು ಕೇಳಿದ ನಂಬರೆಲ್ಲ ಹೇಳಿ, ಬ್ಯಾಂಕಿನಲ್ಲಿದ್ದುದನ್ನೆಲ್ಲ ಕಳಕೊಂಡು ಅತ್ತಿದ್ದನಂತೆ. ಉಡಚಪ್ಪ ಕಣ್ಣಾರೆ ಕಂಡಿದ್ದ. ಫೋನಿನಲ್ಲಿ ನಂಬರು ಕೇಳುವವರು ಎಂದರೆ ಮೋಸಗಾರರು ಎಂಬ ಪಾಠ ಅವನಿಗೆ ನಿಮ್ಮ ಸುತ್ತೋಲೆಗಿಂತ ಮೊದಲೇ ಆಗಿತ್ತು. ಮಗಳ ಓದೆಲ್ಲ ಈ ಆರು ಅಂಕಿಗಳಲ್ಲಿದೆ, ಇದು ಹೊರಗೆ ಬಿದ್ದರೆ ಯಾರೋ ಎತ್ತಿಕೊಂಡು ಹೋಗುತ್ತಾರೆ ಎಂದು ಅವನು ತಿಳಿದುಕೊಂಡ. ನೀವು ಬರೆದದ್ದನ್ನು ಓದಿದವರು ಬೇರೆ ಏನು ತಿಳಿದುಕೊಳ್ಳಬೇಕಿತ್ತು?

ಮೊದಲ ಹತ್ತು ನಿಮಿಷ ಹೋಯಿತು. ದುರ್ಗಾ ಮತ್ತೆ ಗುಂಡಿ ಒತ್ತಿದಳು, ಎರಡನೆಯ ಸಂಖ್ಯೆ ಹೋಯಿತು. ಅದೂ ಆರಿತು. ಮೂರನೆಯ ಸಲ ಅವಳು ಅಳುತ್ತಲೇ ಒತ್ತಿದಳು. ಬೇಡ, ನಿಲ್ಲು, ಮೊದಲು ಅವನಿಗೆ ತಿಳಿಸಿ ಹೇಳೋಣ ಎಂದು ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಕರೆಂಟು ಹೋಗುವ ಹೊತ್ತಾಗಿತ್ತು, ನನಗೂ ಗಾಬರಿ. ಆ ಕಡೆಯಿಂದ ಸಕ್ರವ್ವನ ದನಿ ಕೇಳುತ್ತಿತ್ತು: "ಹೇಳಿಬಿಡ್ರಿ, ಹುಡುಗಿ ಅಳಾಕತ್ತಾಳ." ಅದಕ್ಕೆ ಉಡಚಪ್ಪ, "ಈಗ ಅಳ್ಳಿ. ನಾಳೆ ಯಾರರೆ ಲಪಟಾಯಿಸಿದ್ರ ಇದಕ್ಕಿಂತ ಹೆಚ್ಚು ಅಳತಾಳ" ಎಂದ. ಪರದೆಯ ಮೇಲೆ ಕೆಂಪಕ್ಷರ ಮೂಡಿತು. ಮೂರು ವಿಫಲ ಪ್ರಯತ್ನಗಳಿಂದಾಗಿ ಖಾತೆ ಸ್ಥಗಿತ, ನೋಂದಾಯಿತ ಫೋನಿನ ಮಾಲೀಕರು ಫೋನಿನೊಂದಿಗೆ ವಿಶ್ವವಿದ್ಯಾಲಯಕ್ಕೆ ಖುದ್ದು ಹಾಜರಾಗತಕ್ಕದ್ದು. ದುರ್ಗಾ ಕೀಲಿಮಣೆಯ ಮೇಲೆ ತಲೆಯಿಟ್ಟು ಕೂತುಬಿಟ್ಟಳು. ಅಂಗಡಿಗೆ ಬಂದಿದ್ದ ಇಬ್ಬರು ಗಿರಾಕಿಗಳು ಹೊರಗೆ ಹೋಗಿ ನಿಂತರು.

ಖುದ್ದು ಹಾಜರಾಗತಕ್ಕದ್ದು. ಬರೆಯುವುದಕ್ಕೆ ಎಷ್ಟು ಸುಲಭ. ಸ್ಲ್ಯಾಬ್ ಹಾಕುವ ತನಕ ಮೇಸ್ತ್ರಿ ಉಡಚಪ್ಪನನ್ನು ಬಿಡಲಿಲ್ಲ. ನವೆಂಬರ್ ಇಪ್ಪತ್ತೈದು ದಾಟಿತು. ಮೂವತ್ತಕ್ಕೆ ಅವನು ರೋಣಕ್ಕೆ ಬಂದಿಳಿದ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಫೋನು ಕಳೆದರೆ ಗತಿಯೇನು ಎಂದು ಸಲ್ಮಾನನಿಂದ ಹೇಳಿಸಿಕೊಂಡು ಮೂರೂ ಸಂಖ್ಯೆಗಳನ್ನು ಬಾಯಿಪಾಠ ಮಾಡಿದ್ದ. ಹದಿನೆಂಟು ಅಂಕಿಗಳು. ಡಿಸೆಂಬರ್ ಒಂದು, ಮಂಗಳವಾರ, ಬೆಳಗಿನ ಬಸ್ಸಿಗೆ ಅವನು, ದುರ್ಗಾ, ನಾನು ಮೂವರೂ ನಿಮ್ಮ ಊರಿಗೆ ಹೊರಟೆವು. ದಾರಿಯುದ್ದಕ್ಕೂ ಅವನು ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದ. ಅವನು ದೇವರ ಹೆಸರು ಹೇಳಿಕೊಳ್ಳುತ್ತಿದ್ದಾನೆ ಎಂದುಕೊಂಡಿದ್ದೆ.

ನಿಮ್ಮ ವಿಭಾಗದ ಕೌಂಟರಿನಲ್ಲಿ ಗಾಜಿನ ಹಿಂದೆ ಒಬ್ಬ ಗುಮಾಸ್ತರಿದ್ದರು. ಸರದಿ ಬರಲು ಎರಡು ತಾಸು ಹಿಡಿಯಿತು. "ಏನ್ರಿ ಯಜಮಾನ್ರ?" ಎಂದರು.

"ನಂಬರ ತಂದೀನ್ರಿ" ಎಂದ ಉಡಚಪ್ಪ.

"ಹೇಳ್ರಿ."

"ನೀವು ಯುನಿವರ್ಸಿಟಿಯವರೇನ್ರಿ?"

"ಮತ್ತ ಯಾರಂತ ತಿಳದೀರಿ?"

"ಹಂಗಾರ ನಿಮಗ ಹೇಳಾಕ ಬರೂದಿಲ್ರಿ. ನಿಮ್ಮವರ ಬರದಾರ."

ಗುಮಾಸ್ತರು ನಕ್ಕರು. ಪಕ್ಕದ ಮೇಜಿನವರನ್ನು ಕರೆದು ಇನ್ನೊಮ್ಮೆ ಹೇಳಿಸಿ ನಕ್ಕರು. ಸರದಿಯಲ್ಲಿದ್ದವರೂ ನಕ್ಕರು. ಸುಳ್ಳು ಯಾಕೆ, ಒಂದು ಗಳಿಗೆ ನನಗೂ ನಗು ಬಂತು. ದುರ್ಗಾ ಮಾತ್ರ ನಗಲಿಲ್ಲ. ತಂದೆಯ ತೋಳು ಹಿಡಿದು, "ಹೇಳಪ್ಪಾ. ಇವರ ಕಳಿಸಿದ್ದದು. ನಾ ಹೇಳಾಕತ್ತೀನಿ, ಹೇಳು" ಎಂದಳು. ಅವನು ಮಗಳ ಮುಖ ನೋಡಿದ. ಆಮೇಲೆ ತಲೆಗೆ ಸುತ್ತಿದ್ದ ಪಟಗಾ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು, ಗಾಜಿಗೆ ಬಾಯಿ ಹಚ್ಚಿ, ಬೇರೆಯವರಿಗೆ ಕೇಳದಂತೆ ಸಣ್ಣ ದನಿಯಲ್ಲಿ ಹದಿನೆಂಟೂ ಅಂಕಿಗಳನ್ನು ಒಂದೂ ತಪ್ಪದೆ ಒಪ್ಪಿಸಿದ. ಗುಮಾಸ್ತರು ಒಂದನ್ನೂ ಬರೆದುಕೊಳ್ಳಲಿಲ್ಲ. "ಅವು ಅವತ್ತ ಹತ್ತು ನಿಮಿಷಕ್ಕ ಸತ್ತಾವ್ರಿ ಯಜಮಾನ್ರ. ಈಗ ಫಾರ್ಮಿನ ತಾರೀಖೂ ಮುಗದೈತಿ. ಸಾಹೇಬರ ಮಂಜೂರಿ ಇಲ್ಲದ ನಾವು ಏನೂ ಮಾಡಾಕ ಬರೂದಿಲ್ಲ" ಎಂದರು. ಅವರನ್ನು ದೂರುವುದಿಲ್ಲ, ಅವರ ಕೈಯಲ್ಲಿ ಇದ್ದದ್ದು ಅಷ್ಟೇ. ಅರ್ಜಿ ಬರೆದು ಕೊಟ್ಟೆವು, ಮೊಹರು ಒತ್ತಿ ಕೊಟ್ಟರು.

ಬಸ್ ನಿಲ್ದಾಣದಲ್ಲಿ ಉಡಚಪ್ಪ ಚಹ ಬೇಡವೆಂದ. ನನ್ನನ್ನು ಕೇಳಿದ: "ಸಾಬರ, ಹತ್ತು ನಿಮಿಷ ಅನ್ನೂದು ಅದರಾಗ ಬರದಿತ್ತೇನ್ರಿ? ಸಲ್ಮಾನ ಓದೂದು ಬಿಟ್ಟನೇನು?"

ಫೋನು ಇಸಿದುಕೊಂಡು ನೋಡಿದೆ. ಮಾನ್ಯರೇ, ಬರೆದಿರಲಿಲ್ಲ. ಮೂರೂ ಮೆಸೇಜುಗಳನ್ನು ಎರಡೆರಡು ಸಲ ಓದಿದೆ. ವಿಶ್ವವಿದ್ಯಾಲಯದ ಹೆಸರಿದೆ, ಆರು ಅಂಕಿಗಳಿವೆ, ಯಾರಿಗೂ ಹೇಳಬೇಡಿ ಎಂದಿದೆ, ನಮ್ಮ ಸಿಬ್ಬಂದಿ ಕೇಳಿದರೂ ಹೇಳಬೇಡಿ ಎಂದಿದೆ. ಹತ್ತು ನಿಮಿಷದ ಮಾತಿಲ್ಲ. ಯಾತಕ್ಕೆ ಬಂದ ಸಂಖ್ಯೆ ಎಂದಿಲ್ಲ. ವಿದ್ಯಾರ್ಥಿಗೆ ಹೇಳಿ ಎಂದಂತೂ ಇಲ್ಲವೇ ಇಲ್ಲ. ಹತ್ತು ನಿಮಿಷ ಎಂಬುದು ಬರೀ ಕಂಪ್ಯೂಟರಿನ ಪರದೆಯ ಮೇಲೆ ಇತ್ತು, ರೋಣದಲ್ಲಿ. ಫೋನು ಇದ್ದದ್ದು ವಾಸ್ಕೋದಲ್ಲಿ. ಫೋನು ಮತ್ತು ಪರದೆ ಎರಡೂ ಒಬ್ಬನ ಎದುರಿಗೇ ಇರುತ್ತವೆ ಎಂದು ನಿಮ್ಮ ಕೋಣೆಯಲ್ಲಿ ಕೂತವರು ಊಹಿಸಿಕೊಂಡರು. ಪಾಲಕರ ನಂಬರು ಕೊಡಿ ಎಂದು ನಿಯಮ ಮಾಡಿದವರೂ ನೀವೇ, ಪಾಲಕರು ವಿದ್ಯಾರ್ಥಿಯ ಪಕ್ಕದಲ್ಲೇ ಇರುತ್ತಾರೆ ಎಂದುಕೊಂಡವರೂ ನೀವೇ. ಅಸೂಟಿಯ ಅರ್ಧ ಊರು ಈಗ ಗೋವಾದಲ್ಲಿದೆ, ಇನ್ನರ್ಧ ಮಂಗಳೂರಿನಲ್ಲಿ. ಮಕ್ಕಳು ಹಾಸ್ಟೆಲಿನಲ್ಲಿದ್ದಾರೆ. ಇದನ್ನು ತಿಳಿಯಲು ಗಣಕ ವಿಜ್ಞಾನ ಬೇಕಿಲ್ಲ. ಒಂದು ದಿನ ರೋಣದ ಬಸ್ ನಿಲ್ದಾಣದಲ್ಲಿ ನಿಂತು ನೋಡಿದ್ದರೆ ಸಾಕಿತ್ತು.

"ಬರದಿಲ್ಲೋ" ಎಂದೆ. ಉಡಚಪ್ಪ ಫೋನನ್ನು ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ದುರ್ಗಾಳ ಕಡೆ ತಿರುಗಿ, "ನಾನ ಕೆಡಿಸಿದೆ ಅಲ್ಲೇನವ್ವಾ" ಎಂದ. ಹಾಗಲ್ಲಪ್ಪಾ ಎಂದು ಅವಳು ಹತ್ತು ಸಲ ಹೇಳಿದರೂ ಅವನ ಕಿವಿಗೆ ಹೋಗಲಿಲ್ಲ. ನನಗೆ ಸಿಟ್ಟು ಬಂದದ್ದು ಆಗ. ಅದು ಇನ್ನೂ ಇಳಿದಿಲ್ಲ, ಆದ್ದರಿಂದ ಈ ಪತ್ರದಲ್ಲಿ ಎಲ್ಲಾದರೂ ಮಾತು ಮೀರಿದ್ದರೆ ಕ್ಷಮೆ ಕೇಳುವುದಿಲ್ಲ.

ನಿಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಸಾವಿರಾರು ವಿದ್ಯಾರ್ಥಿಗಳು, ಪ್ರಾಧ್ಯಾಪಕರು, ಅಧಿಕಾರಿಗಳು ಇದ್ದಾರೆ. ಅವರೆಲ್ಲ ಈ ಗುಪ್ತ ಸಂಖ್ಯೆಯನ್ನು ಗೆಳೆಯರಿಗೆ, ಅಂಗಡಿಯವರಿಗೆ, ಗುಮಾಸ್ತರಿಗೆ ಕೂಗಿ ಹೇಳಿ ತಂತಮ್ಮ ಕೆಲಸ ಮುಗಿಸಿಕೊಂಡರು. ನನ್ನ ಅಂಗಡಿಯಲ್ಲೇ ಒಬ್ಬ ಉಪನ್ಯಾಸಕರು ತಮ್ಮ ಸಂಖ್ಯೆಯನ್ನು ಬಾಗಿಲಲ್ಲಿ ನಿಂತು ನನಗೆ ಕೂಗಿ ಹೇಳಿದರು, ನಾನು ತುಂಬಿದೆ, ಅವರು ಸ್ಕೂಟರಿನಿಂದ ಇಳಿಯಲೇ ಇಲ್ಲ. ಅವರ ಖಾತೆ ಸುಖವಾಗಿದೆ. ನಿಮ್ಮ ಆದೇಶವನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದವನು ನನಗೆ ಗೊತ್ತಿದ್ದಂತೆ ಒಬ್ಬನೇ, ಅವನಿಗೆ ಅಕ್ಷರ ಬರುವುದಿಲ್ಲ. ಶಿಕ್ಷೆಯಾಗಿರುವುದು ಅವನ ಮಗಳಿಗೆ.

ನಮ್ಮ ಅರ್ಜಿಯ ಗತಿ ಕೇಳಿ. ಮೊನ್ನೆ ಎಂಟನೆಯ ತಾರೀಖು ನಿಮ್ಮ ಕಚೇರಿಗೆ ಫೋನು ಹಚ್ಚಿದೆ. "ಉತ್ತರ ಹೋಗೇತ್ರಿ" ಎಂದರು. ಎಲ್ಲಿಗೆ ಎಂದು ಕೇಳಿದೆ. ವಿದ್ಯಾರ್ಥಿನಿಯ ಖಾತೆಗೆ ಕಳಿಸಲಾಗಿದೆ, ಖಾತೆ ತೆರೆದು ನೋಡಿಕೊಳ್ಳಬೇಕು. ಯಾವ ಖಾತೆ? ಸ್ಥಗಿತವಾದ ಖಾತೆ. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಬೀಗ ತೆಗೆಯಿರಿ ಎಂಬ ಅರ್ಜಿಯ ಉತ್ತರವನ್ನು ಬೀಗದ ಒಳಗೆ ಇಟ್ಟಿದ್ದೀರಿ. ಅದರಲ್ಲಿ ಮಂಜೂರಿ ಇದೆಯೋ ನಿರಾಕರಣೆ ಇದೆಯೋ ಈ ಹೊತ್ತಿನ ತನಕ ನಮಗೆ ಗೊತ್ತಿಲ್ಲ. ಫೋನಿನಲ್ಲೇ ಓದಿ ಹೇಳಿರಿ ಎಂದು ಅಂಗಲಾಚಿದೆ. ಭದ್ರತಾ ಕಾರಣದಿಂದ ಬೇರೆಯವರಿಗೆ ಹೇಳುವಂತಿಲ್ಲವಂತೆ.

ಹೇಳಿ, ದುರ್ಗಾ ಎಂದರೆ ಯಾರು ಎಂಬ ಅನುಮಾನ ಇಲ್ಲಿ ಯಾರಿಗಿದೆ? ಕಾಲೇಜಿನ ಪ್ರಾಚಾರ್ಯರು ಅವಳನ್ನು ಎರಡೂವರೆ ವರ್ಷದಿಂದ ದಿನಾ ನೋಡುತ್ತಿದ್ದಾರೆ. ಗ್ರಂಥಾಲಯದ ದ್ಯಾವಪ್ಪನವರು ಅವಳಿಗೆ ನಿಯಮ ಮೀರಿ ಮೂರು ಪುಸ್ತಕ ಕೊಡುತ್ತಾರೆ. ಹಾಸ್ಟೆಲಿನ ವಾರ್ಡನ್, ಬಸ್ಸಿನ ಕಂಡಕ್ಟರು, ನಾನು, ಎಲ್ಲರೂ ಗುರುತು ಹೇಳಬಲ್ಲೆವು. ಇವಳೇ ಅವಳು ಎಂದು 'ಗೊತ್ತಿಲ್ಲ' ಎನ್ನುತ್ತಿರುವುದು ಇಡೀ ಜಿಲ್ಲೆಯಲ್ಲಿ ನಿಮ್ಮ ಯಂತ್ರ ಒಂದೇ. ಹೋದ ವರ್ಷದ ತನಕ ಪ್ರಾಚಾರ್ಯರು ಭಾವಚಿತ್ರ ಅಂಟಿಸಿ, ಸಹಿ ಮಾಡಿ, ಕೈಯಿಂದ ಬರೆದ ಹಾಲ್ ಟಿಕೆಟ್ ಕೊಡುತ್ತಿದ್ದರು. ಆ ಸಹಿಯನ್ನು ನಿಮ್ಮ ಪರೀಕ್ಷಾ ಕೇಂದ್ರಗಳು ಎಷ್ಟೋ ವರ್ಷ ನಂಬಿದವು. ಈ ವರ್ಷ ನಂಬಲು ಬಾರದಂಥದ್ದು ಏನಾಗಿದೆ?

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಕಾಲೇಜಿನಲ್ಲಿ ಫ್ಯಾಕ್ಸ್ ಇದೆ, ನಂಬರು ನಿಮ್ಮ ಕಚೇರಿಯ ಗೋಡೆಯ ಮೇಲಿನ ಪಟ್ಟಿಯಲ್ಲೇ ಇದೆ, ಸರದಿಯಲ್ಲಿ ನಿಂತಾಗ ನೋಡಿ ಬಂದಿದ್ದೇನೆ. ನಾಳೆ ಸಂಜೆ ಐದೂವರೆಯೊಳಗೆ ಪ್ರಾಚಾರ್ಯರಿಗೆ ಒಂದು ಸಾಲು ಕಳಿಸಿ: ಖಾತೆ ಸ್ಥಗಿತವಾದ ವಿದ್ಯಾರ್ಥಿಗಳ ಗುರುತನ್ನು ನೀವೇ ದೃಢೀಕರಿಸಿ, ಕೈಬರಹದ ಹಾಲ್ ಟಿಕೆಟ್ ಕೊಟ್ಟು ಪರೀಕ್ಷೆಗೆ ಕೂರಿಸಿರಿ. ಅದೇ ಸಾಲನ್ನು ನರಗುಂದಕ್ಕೂ ಗಜೇಂದ್ರಗಡಕ್ಕೂ ಕಳಿಸಿ, ಅಲ್ಲಿಯೂ ಇಂಥವರು ಇದ್ದಾರೆ, ಅವರ ಪರವಾಗಿ ಪತ್ರ ಬರೆಯುವವರು ಇಲ್ಲ, ಅಷ್ಟೇ. ವಿಚಾರಣೆ ಆಮೇಲೆ ಮಾಡಿ. ನನ್ನ ನೋಟುಬುಕ್ಕು ಬೇಕಾದರೆ ಜಪ್ತು ಮಾಡಿ, ಅಂಗಡಿಯ ಮೇಲೆ ಕ್ರಮ ಕೈಗೊಳ್ಳಿ, ನಾನು ಓಡಿಹೋಗುವವನಲ್ಲ. ಮುಂದಿನ ಉನ್ನತೀಕರಣದ ಹೊತ್ತಿಗೆ ಮೆಸೇಜನ್ನು ಕನ್ನಡದಲ್ಲಿ ಬರೆಯಿರಿ, ಅದು ಯಾತಕ್ಕೆ ಬಂದದ್ದು, ಎಷ್ಟು ಹೊತ್ತು ಬದುಕಿರುತ್ತದೆ, ಯಾರಿಗೆ ಹೇಳಬಹುದು ಎಂಬುದನ್ನೂ ಬರೆಯಿರಿ.

ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ ಎಂದು ನಿಮ್ಮ ಕೆಳಗಿನವರು ಟಿಪ್ಪಣಿ ಬರೆಯಬಹುದು. ಹಾಗೆ ಬರೆಯುವ ಮೊದಲು ಇದನ್ನೂ ತಿಳಿದುಕೊಳ್ಳಲಿ. ಅರ್ಜಿಯ ಉತ್ತರಕ್ಕೆ ಕಾದು ಇಲ್ಲೇ ಉಳಿದಿರುವ ಉಡಚಪ್ಪ ಇವತ್ತು ಮಧ್ಯಾಹ್ನ ನನ್ನ ಅಂಗಡಿಗೆ ಬಂದಿದ್ದ. ಬಸ್ ನಿಲ್ದಾಣದಿಂದ ಬಂದೆ ಎಂದ. ಸೋಮವಾರ ಸಂಜೆಯ ಗೋವಾ ಬಸ್ಸಿಗೆ ಸೀಟು ಹಿಡಿಸಿದ್ದ. ಎರಡು ಸೀಟು. ಒಂದು ತನಗೆ. ಇನ್ನೊಂದರ ಚೀಟಿಯನ್ನು ನನ್ನ ಕೈಗೆ ಕೊಟ್ಟು, ಯಾರ ಹೆಸರಿದೆ ಓದಿ ಹೇಳ್ರಿ, ಬರೋಬ್ಬರಿ ಬರೆದಿದ್ದಾರೋ ಇಲ್ಲವೋ ನೋಡ್ರಿ ಎಂದ. ಬರೋಬ್ಬರಿ ಬರೆದಿದ್ದರು. ಆಮೇಲೆ ಚೀಟಿ ಹಿಂದಕ್ಕೆ ಇಸಿದುಕೊಳ್ಳುತ್ತ, "ಪರೀಕ್ಷಾಕ್ಕ ಕುಂಡ್ರಿಸಿಕೊಂಡ್ರ ಆ ಸೀಟು ಖಾಲಿ ಹೋಗ್ಲಿ ಸಾಬರ, ನನಗೇನೂ ಬ್ಯಾಸರಿಲ್ಲ. ಆಕಿಗೆ ಮಾತ್ರ ಈಗ ಹೇಳಬ್ಯಾಡ್ರಿ, ಓದಾಕತ್ತಾಳ" ಎಂದ.

ನಾಳೆಯ ಪತ್ರಿಕೆ ಅವಳ ಕಣ್ಣಿಗೆ ಬೀಳದಂತೆ ಎತ್ತಿಡಲು ವಾರ್ಡನ್ನರನ್ನು ಕೇಳಿಕೊಂಡಿದ್ದೇನೆ. ನಾನು ಅವಳಿಗೆ ಹೇಳಿಲ್ಲ. ನಿಮಗೆ ಹೇಳಿದ್ದೇನೆ. ಸೋಮವಾರ ಆ ಸೀಟು ಖಾಲಿ ಹೋಗಬೇಕು.

ಇಂತಿ,
ನಾಳೆ ಜುಮ್ಮಾ ನಮಾಜಿನ ಒಂದು ತಾಸು ಬಿಟ್ಟು ಉಳಿದ ಹೊತ್ತೆಲ್ಲ ಅಂಗಡಿ ಮುಚ್ಚಿ ಕಾಲೇಜಿನ ಫ್ಯಾಕ್ಸಿನ ಮುಂದೆ ಸ್ಟೂಲು ಹಾಕಿಕೊಂಡು ಕೂರಲಿರುವ,
ಮೋದಿನಸಾಬ
ರೋಣ